ಪ್ರೀತಿಯಿಂದ ಕೊಡುವುದು: ದಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಾಲ್ಲೂಕಿನ ಕೆಲವರು ಸೇರಿ ನಡೆಸುತ್ತಿರುವ ಸಣ್ಣದೊಂದು ವಿದ್ಯಾರ್ಥಿ ನೆರವು ನಿಧಿಯ ಪತ್ರವ್ಯವಹಾರವನ್ನು ನಾನು ನೋಡಿಕೊಳ್ಳುತ್ತೇನೆ. ಹಣ ಕೊಡಲು ಬಂದವರು, ಕೊಡುವುದೋ ಬೇಡವೋ ಎಂದು ಹಿಂದೆ ಮುಂದೆ ನೋಡುತ್ತಿರುವವರು, ನೆರವು ಪಡೆದವರು ಮಾತಿನಲ್ಲೂ ಪತ್ರಗಳಲ್ಲೂ ಕೇಳಿದ ಪ್ರಶ್ನೆಗಳ ಪೈಕಿ ಮತ್ತೆ ಮತ್ತೆ ಬಂದವನ್ನು ಅವರವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಮೊದಲಿನವು ಸರಳವಾಗಿವೆ, ಕೊನೆಯವುಗಳ ಬಗ್ಗೆ ನಮ್ಮ ನಿಧಿಯ ಸದಸ್ಯರಲ್ಲೇ ಒಮ್ಮತವಿಲ್ಲ.

## ಮೊದಲು ಕೇಳುವವು

ದಾನಕ್ಕೂ ಪ್ರೀತಿಗೂ ಏನು ಸಂಬಂಧ? ಹಣ ಮುಟ್ಟಿದರೆ ಸಾಲದೇ?

ಹಣ ಮುಟ್ಟಿದರೆ ಎಷ್ಟೋ ಕೆಲಸ ಆಗುತ್ತದೆ ಎಂಬುದು ನಿಜ. ಕಾಲೇಜಿನ ಶುಲ್ಕ ಕಟ್ಟಲು ನಾಳೆಯೇ ಕೊನೆಯ ದಿನ ಎಂದು ಓಡಿಬಂದ ಹುಡುಗಿಗೆ, ಕೊಟ್ಟವರ ಮನಸ್ಸಿನಲ್ಲಿ ಏನಿತ್ತೆಂಬುದು ಆ ಹೊತ್ತಿಗೆ ಮುಖ್ಯವಾಗುವುದಿಲ್ಲ. ಆದರೆ ಒಬ್ಬರಿಗೆ ಏನು ಬೇಕು, ಯಾವಾಗ ಬೇಕು, ಹೇಗೆ ಕೊಟ್ಟರೆ ಅವರು ತಲೆ ತಗ್ಗಿಸಬೇಕಾಗುವುದಿಲ್ಲ ಎಂಬುದು ತಿಳಿಯಬೇಕಾದರೆ ಅವರ ಕಡೆಗೆ ಗಮನವಿಟ್ಟು ನೋಡಬೇಕಾಗುತ್ತದೆ, ಮತ್ತು ಹಾಗೆ ಗಮನವಿಡುವಂತೆ ಮಾಡುವುದು ಪ್ರೀತಿಯೇ.

ಕಳೆದ ಶತಮಾನದ ಮೊದಲರ್ಧದಲ್ಲಿ ಹಳ್ಳಿಗಳಿಂದ ಊರುಗಳಿಗೆ ಓದಲು ಬಂದ ಎಷ್ಟೋ ಬಡ ಹುಡುಗರು ವಾರಾನ್ನದ ಮೇಲೆ ಬದುಕಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕಿತ್ತು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಹಾಗೆ ಉಂಡು ಬೆಳೆದ ಹಿರಿಯರು ಮುಪ್ಪಿನಲ್ಲಿ ಕುಳಿತು ಹೇಳುವಾಗ ಯಾವ ಮನೆಯಲ್ಲಿ ಏನು ಬಡಿಸಿದರೆಂಬುದು ಅವರಿಗೆ ಮರೆತಿರುತ್ತದೆ, ಆದರೆ ಯಾವ ಮನೆಯ ತಾಯಿ ತನ್ನ ಮಕ್ಕಳ ಪಂಕ್ತಿಯಲ್ಲೇ ಕೂರಿಸಿ ಇನ್ನೊಂದು ಸೌಟು ಸಾರು ಹಾಕಿದಳು, ಯಾವ ಮನೆಯಲ್ಲಿ ಎಲ್ಲರದೂ ಮುಗಿದ ಮೇಲೆ ನಡುಮನೆಯ ಆಚೆ ಎಲೆ ಹಾಕಿದರು ಎಂಬುದು ಮಾತ್ರ ಮರೆತಿರುವುದಿಲ್ಲ. ಎರಡೂ ಮನೆಯವರು ಕೊಟ್ಟದ್ದು ಒಂದೇ ಅನ್ನ, ಎರಡೂ ಕಡೆ ಹೊಟ್ಟೆ ತುಂಬಿತ್ತು. ಈ ಪುಟದಲ್ಲಿ ಮುಂದೆ ನಾನು ಹೇಳುವ ಬಹುಪಾಲು ಮಾತು ಈ ಎರಡು ಮನೆಗಳ ನಡುವಿನ ವ್ಯತ್ಯಾಸದ ಬಗ್ಗೆಯೇ ಇದೆ.

ತಿಂಗಳ ಸಂಬಳದವರು ನಾವು. ಎಷ್ಟು ಕೊಟ್ಟರೆ ಸರಿ?

ಪ್ರಮಾಣವನ್ನು ಗೊತ್ತುಮಾಡಿಟ್ಟಿರುವ ಸಂಪ್ರದಾಯಗಳಿವೆ. ಮುಸ್ಲಿಮರಲ್ಲಿ ನಿಗದಿತ ಮಿತಿಯನ್ನು ಮೀರಿ ಒಂದು ಚಾಂದ್ರಮಾನ ವರ್ಷ ಉಳಿದ ಸಂಪತ್ತಿನ ನಲವತ್ತನೆಯ ಒಂದು ಭಾಗ, ಅಂದರೆ ಶೇಕಡಾ 2.5, ಜಕಾತ್ ಆಗಿ ಹೋಗಬೇಕು. ಸಿಖ್ಖರಲ್ಲಿ ಗಳಿಕೆಯ ಹತ್ತನೆಯ ಒಂದು ಭಾಗವನ್ನು ದಸ್ವಂದ್ ಎಂದು ತೆಗೆದಿಡುತ್ತಾರೆ. ನಮ್ಮ ಹಳ್ಳಿಗಳ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕಿಡುವ ರೂಢಿಯಿತ್ತು. ಹಾಕುವವರಿಗೆ ಅದು ಹೊರೆಯೆನಿಸುತ್ತಿರಲಿಲ್ಲ, ತಿಂಗಳ ಕೊನೆಗೆ ಊರಿನ ಮಡಕೆಗಳೆಲ್ಲ ಸೇರಿದರೆ ಮೂಟೆಯೇ ಆಗುತ್ತಿತ್ತು.

ಮೊತ್ತದ ವಿಷಯಕ್ಕೆ ಬಂದಾಗ ನನಗೆ ನೆನಪಾಗುವುದು ಹನ್ನೆರಡನೆಯ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ. ಆಕೆಯ ಗಂಡ ಮಾರಯ್ಯನ ಕಾಯಕ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸದೆ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ಹೆಚ್ಚು ದಾನ ಮಾಡಬೇಕೆಂಬ ಹಂಬಲವೂ ಆಸೆಯ ಇನ್ನೊಂದು ರೂಪವಾಗಬಹುದೆಂದು ಕಂಡುಕೊಂಡವಳು ಆಕೆ.

ಆದ್ದರಿಂದ ನನ್ನ ಉತ್ತರ ಇಷ್ಟೆ: ಮನೆಯವರೆಲ್ಲ ಒಪ್ಪುವ, ಸಾಲ ಮಾಡದೆ ಪ್ರತಿ ತಿಂಗಳೂ ಕೊಡಬಹುದಾದ ಮೊತ್ತವನ್ನು ಗೊತ್ತುಮಾಡಿ. ಹಬ್ಬದ ಹುರುಪಿನಲ್ಲಿ ಒಮ್ಮೆ ಕೊಡುವ 10,000 ರೂಪಾಯಿಗಿಂತ ತಪ್ಪದೆ ಬರುವ 500 ರೂಪಾಯಿ ನಮ್ಮಂಥ ನಿಧಿಗಳಿಗೆ ಹೆಚ್ಚು ಉಪಯುಕ್ತ, ಏಕೆಂದರೆ ಅದನ್ನು ನೆಚ್ಚಿ ಒಬ್ಬ ವಿದ್ಯಾರ್ಥಿಗೆ ಮಾತು ಕೊಡಬಹುದು. ಮತ್ತು ಯಾವ ದಾನಕ್ಕೂ ಮೊದಲು ನಿಮ್ಮ ಮನೆಯಲ್ಲಿ, ಗದ್ದೆಯಲ್ಲಿ, ಅಂಗಡಿಯಲ್ಲಿ ದುಡಿಯುವವರ ಕೂಲಿ ನ್ಯಾಯವಾಗಿದೆಯೇ, ಬಾಕಿ ಉಳಿದಿದೆಯೇ ಎಂದು ನೋಡಿಕೊಳ್ಳಿ.

ಕೈಯಲ್ಲಿ ದುಡ್ಡಿಲ್ಲ, ಕೊಡುವ ಆಸೆ ಇದೆ. ಏನು ಕೊಡಲಿ?

ನಮ್ಮಲ್ಲಿಗೆ ಬರುವ ಎಷ್ಟೋ ಕುಟುಂಬಗಳಿಗೆ ಮೊದಲು ಬೇಕಾಗಿರುವುದು ಅರ್ಜಿ ತುಂಬಿಕೊಡುವವರು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸಂಖ್ಯೆ ತಾಳೆಯಾಗಲಿಲ್ಲ, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿಲ್ಲ ಎಂಬ ಕಾರಣಗಳಿಗೆ ನಿಂತುಹೋಗುವ ಹಣ ಸಣ್ಣದೇನಲ್ಲ. ಒಬ್ಬ ಹುಡುಗನ ಜೊತೆ ನಾಡಕಚೇರಿಗೂ ಬ್ಯಾಂಕಿಗೂ ಹೋಗಿಬರುವ ಒಂದು ದಿನವನ್ನು ನೀವು ಕೊಟ್ಟರೆ ನಾವು ಕೊಡುವ ಹಣಕ್ಕಿಂತ ದೊಡ್ಡ ಮೊತ್ತ ಅವನ ಕೈಸೇರಬಹುದು, ಅದೂ ಅವನ ಹಕ್ಕಿನ ಹಣವಾಗಿ.

ರಕ್ತದಾನಕ್ಕೂ ಹಣ ಬೇಕಿಲ್ಲ. ಆರೋಗ್ಯವಾಗಿರುವ, 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ ಮತ್ತು ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಡಿಮೆಯಿಲ್ಲದವರು ಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು. ಹುಟ್ಟುಹಬ್ಬದ ಶಿಬಿರಗಳಲ್ಲಿ ಒಂದೇ ದಿನ ನೂರಾರು ಜನ ಸಾಲುಗಟ್ಟುವುದಕ್ಕಿಂತ, ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ ಬಿದ್ದು ದಾನಿಗಳು ಕಡಿಮೆಯಾದಾಗ ಒಬ್ಬರೇ ಹೋಗಿ ಕೊಟ್ಟುಬರುವುದು ರಕ್ತನಿಧಿಗೆ ಹೆಚ್ಚು ಅನುಕೂಲ.

ಇಳಕಲ್ಲಿನ ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಊರೂರು ತಿರುಗಿ ಜನರಿಂದ ಬೇಡಿದ್ದು ಅವರ ದುಶ್ಚಟಗಳನ್ನು. ಕುಡಿತವನ್ನೋ ಬೀಡಿಯನ್ನೋ ಜೋಳಿಗೆಗೆ ಹಾಕಿ ಎಂದು ಅವರು ಕೇಳುತ್ತಿದ್ದರು, ಹಾಕಿದವರು ಬಹಳ ಜನ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಮನೆಯವರಿಗೆ ಇದಕ್ಕಿಂತ ಹತ್ತಿರದ ದಾನ ಇನ್ನೊಂದಿರಲಾರದು.

ಸಿಗ್ನಲ್‌ನಲ್ಲಿ ಕೈ ಚಾಚಿದವರಿಗೆ ಕೊಡಬೇಕೇ?

ದೊಡ್ಡವರಿಗೆ ಕೊಡುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಕೊಡದಿದ್ದರೂ ಮುಖ ನೋಡಿ ಇಲ್ಲವೆನ್ನಿ, ಗದರಬೇಡಿ. ಮಕ್ಕಳು ಬೇಡುತ್ತಿದ್ದರೆ ಹಣ ಕೊಡಬೇಡಿ, 1098ಕ್ಕೆ ಕರೆ ಮಾಡಿ. ಮಗು ತರುವ ಗಳಿಕೆ ಹೆಚ್ಚಿದಷ್ಟೂ ಅದನ್ನು ಬೀದಿಯಿಂದ ಬಿಡಿಸುವುದು ಕಷ್ಟವಾಗುತ್ತದೆ.

ಹಳೆ ಬಟ್ಟೆ, ಮದುವೆಮನೆಯಲ್ಲಿ ಉಳಿದ ಅಡುಗೆ ಕೊಟ್ಟರೆ ಅದೂ ದಾನವೇ?

ಉಪಯೋಗಕ್ಕೆ ಬರುವಂತಿದ್ದರೆ ಧಾರಾಳವಾಗಿ ಕೊಡಿ. ದಾನವೆಂದು ಕರೆಯುವುದು ಬಿಡುವುದು ದೊಡ್ಡ ವಿಷಯವಲ್ಲ. ಗುಂಡಿ ಕಿತ್ತ ಅಂಗಿಯನ್ನು ಗುಂಡಿ ಹಾಕಿ, ಒಗೆದು, ಮಡಿಸಿ ಕೊಡುವವರು ಮತ್ತು ಬೀರು ಖಾಲಿ ಮಾಡುವ ನೆಪದಲ್ಲಿ ಗಂಟು ಕಟ್ಟಿ ಎಸೆಯುವವರು ಬೇರೆ ಬೇರೆ ಜನ. ಅಡುಗೆಯಾದರೆ ಬಿಸಿ ಆರುವ ಮೊದಲೇ ತಲುಪಿಸಿ. ಮಧ್ಯಾಹ್ನದ ಪಲ್ಯವನ್ನು ರಾತ್ರಿ ಹತ್ತಕ್ಕೆ ಅನಾಥಾಶ್ರಮದ ಬಾಗಿಲಿಗೆ ಒಯ್ದರೆ ಅಲ್ಲಿನ ಮೇಲ್ವಿಚಾರಕರು ಪಡೆಯಲೂ ಆಗದೆ ಬೇಡವೆನ್ನಲೂ ಆಗದೆ ಸಿಕ್ಕಿಬೀಳುತ್ತಾರೆ.

ನೆರೆ ಬಂದಾಗ ಈ ಮಾತು ಇನ್ನೂ ಮುಖ್ಯ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ ತೀರದ ಊರುಗಳು ಮುಳುಗಿದಾಗಲೂ ನಾಡಿನ ಎಲ್ಲ ಕಡೆಯಿಂದ ಲಾರಿಗಳು ಹೊರಟವು, ಅದು ಹೆಮ್ಮೆಯ ವಿಷಯವೇ. ಆದರೆ ಮೊದಲ ವಾರಕ್ಕೆ ಬೇಕಾಗುವುದು ಕುಡಿಯುವ ನೀರು, ಔಷಧ, ಒಣ ಹೊದಿಕೆ, ಹೆಣ್ಣುಮಕ್ಕಳಿಗೆ ಪ್ಯಾಡು. ಒಂದು ತಿಂಗಳಾದ ಮೇಲೆ ಬೇಕಾಗುವುದು ಪಾತ್ರೆ, ಪುಸ್ತಕ, ದನಕ್ಕೆ ಮೇವು, ಬಿತ್ತನೆ ಬೀಜ. ಒಂದು ವರ್ಷವಾದ ಮೇಲೂ ಬೇಕಾಗಿರುವುದು ಮನೆ. ಲಾರಿಗಳೆಲ್ಲ ಮೊದಲ ವಾರದಲ್ಲೇ ಹೊರಡುವುದರಿಂದ, ತಡವಾಗಿ ಕೊಡಬಲ್ಲ ಸಹನೆಯಿರುವವರು ಸ್ವಲ್ಪ ಹಣವನ್ನು ಆರು ತಿಂಗಳ ನಂತರಕ್ಕೆ ಎತ್ತಿಟ್ಟುಕೊಂಡರೆ ಒಳ್ಳೆಯದು.

## ಕೊಡುವ ದಾರಿ

ಯಾರಿಗೆ ಕೊಡಬೇಕು ಎಂದು ಹೇಗೆ ತೀರ್ಮಾನಿಸುವುದು? ಅಪಾತ್ರರಿಗೆ ಹೋದರೆ?

ಜೈನ ಸಂಪ್ರದಾಯ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಹೇಳಿತು. ಇಂದಿಗೂ ಆ ಪಟ್ಟಿಗೆ ಸೇರಿಸಬೇಕಾದದ್ದು ಹೆಚ್ಚೇನೂ ಇಲ್ಲ: ಹಸಿವು, ಕಾಯಿಲೆ, ಓದು, ಭಯ. ದಾನಚಿಂತಾಮಣಿ ಎಂದು ನಾಡು ಕರೆದ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ್ದಲ್ಲದೆ, ಪೊನ್ನ ಕವಿಯ ಕಾವ್ಯವೊಂದನ್ನು ಓಲೆಗರಿಗಳ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದಳು. ಮುದ್ರಣವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಗೂ ಲಿಪಿಕಾರರು ಎಷ್ಟು ದಿನ ಕೂತಿರಬೇಕೆಂದು ಯೋಚಿಸಿದರೆ, ಚಿನ್ನಕ್ಕಿಂತ ಈ ದಾನವೇ ಭಾರವಾಗಿ ಕಾಣುತ್ತದೆ.

ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು ತಮ್ಮ ಬದುಕಿನಲ್ಲಿ ತಮಗೇ ಸಿಗದೆ ಹೋದದ್ದರ ಕಡೆ ನೋಡಬಹುದು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರಿಗೆ ವಿದೇಶಿಯರು ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲು ಭಾಷೆ ಬರಲಿಲ್ಲ. ಆ ಮುಜುಗರವನ್ನು ಅವರು ತಮ್ಮ ಊರಾದ ನ್ಯೂಪಡ್ಪುವಿನ ಮಕ್ಕಳಿಗೆ ಬಾರದಂತೆ ನೋಡಿಕೊಳ್ಳಲು ಹೊರಟು, ಹಣ್ಣು ಮಾರಿದ ಹಣವನ್ನು ಕೂಡಿಟ್ಟು, ಕಚೇರಿಯಿಂದ ಕಚೇರಿಗೆ ಅಲೆದು, ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಕಟವಾಯಿತು. ಅವರ ಕತೆಯಲ್ಲಿ ಜನ ಹಣವನ್ನೇ ಎತ್ತಿ ಹೇಳುತ್ತಾರೆ. ನನಗೆ ಕಚೇರಿಗಳ ಅಲೆದಾಟವೇ ದೊಡ್ಡದಾಗಿ ಕಾಣುತ್ತದೆ.

ಕೊಪ್ಪಳ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮನವರು ಊರಿನ ಶಾಲೆಗೆಂದು ತಮ್ಮ ಎರಡು ಎಕರೆ ಜಮೀನು ಬಿಟ್ಟುಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದರು. ಕೊಟ್ಟ ಮೇಲೂ ಅಲ್ಲೇ ಇದ್ದದ್ದರಿಂದ, ಕೊಟ್ಟದ್ದು ಏನಾಯಿತು ಎಂದು ಅವರು ಬೇರೆ ಯಾರನ್ನೂ ಕೇಳಬೇಕಾಗಲಿಲ್ಲ.

ಅಪಾತ್ರರ ಭಯ ಅನೇಕರಿಗೆ ಕೊಡದೇ ಇರಲು ಸಿಗುವ ಕಾರಣವಾಗಿಬಿಡುತ್ತದೆ. ಸ್ವಲ್ಪ ಹಣ ಸಲ್ಲದವರ ಕೈ ಸೇರುವುದು ಖಂಡಿತ. ವಿಚಾರಣೆಯನ್ನು ಬಿಗಿ ಮಾಡುತ್ತ ಹೋದರೆ ಅದು ತಪ್ಪುವುದಿಲ್ಲ. ಸುಳ್ಳು ಹೇಳಬಲ್ಲವರು ಎಲ್ಲ ಕಾಗದಗಳನ್ನೂ ಜೋಡಿಸಿಕೊಂಡು ಬರುತ್ತಾರೆ, ನಿಜವಾಗಿ ಕಷ್ಟದಲ್ಲಿರುವವರು ಎರಡನೆಯ ಸಲ ಕೇಳಿದಾಗಲೇ ಎದ್ದು ಹೋಗುತ್ತಾರೆ.

ಮಗುವಿನ ಶಸ್ತ್ರಚಿಕಿತ್ಸೆಗೆ ನೆರವಾಗಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ನಂಬಬಹುದೇ?

ಕೆಲವು ನಿಜ, ಕೆಲವು ವರ್ಷಗಳ ಹಿಂದೆಯೇ ಮುಗಿದುಹೋದ ಪ್ರಕರಣಗಳು, ಕೆಲವು ಬೇರೆಯವರ ಕ್ಯೂಆರ್ ಕೋಡ್ ಅಂಟಿಸಿದ ಮೋಸಗಳು. ಆಸ್ಪತ್ರೆಯ ಹೆಸರು ಮತ್ತು ರೋಗಿಯ ನೋಂದಣಿ ಸಂಖ್ಯೆ ಕೇಳಿ, ಆಸ್ಪತ್ರೆಯ ದೂರವಾಣಿಯನ್ನು ನೀವೇ ಹುಡುಕಿ ವಿಚಾರಿಸಿ, ಸಾಧ್ಯವಾದರೆ ರೋಗಿಯ ಬಿಲ್ಲಿಗೇ ನೇರವಾಗಿ ಕಟ್ಟಿ. ಹಣಕ್ಕೆ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಆ ಕುಟುಂಬ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬರುತ್ತದೆಯೇ ಎಂಬುದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಅದರಲ್ಲಿ ಸಿಗುತ್ತದೆ. ತಿಳಿಯದೆ, ಇಲ್ಲವೇ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ತರಬೇಕೆಂಬುದು ಗೊತ್ತಿಲ್ಲದೆ, ಒಡವೆ ಅಡವಿಟ್ಟವರನ್ನು ನಾವು ಕಂಡಿದ್ದೇವೆ.

ಸಹಾಯ ಮಾಡುವಾಗ ಫೋಟೊ ತೆಗೆದರೆ ತಪ್ಪೇನು? ನೋಡಿದವರಿಗೂ ಪ್ರೇರಣೆ ಆಗುತ್ತದಲ್ಲ.

ಕೊಡುವವರ ಫೋಟೊ ಎಷ್ಟು ಬೇಕಾದರೂ ತೆಗೆಯಿರಿ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಗಾದೆ ನಮ್ಮಲ್ಲಿದ್ದರೂ, ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ದಪ್ಪಗೆ ಬರೆಸಿ ಬೆಳಕೇ ಬಾರದಂತೆ ಮಾಡುವ, ತಿರುಗುವ ಫ್ಯಾನಿನ ರೆಕ್ಕೆಯ ಮೇಲೂ ಹೆಸರು ಹಾಕಿಸುವ ರೂಢಿಯೂ ನಮ್ಮದೇ ಆಗಿದೆ; ಅದರಿಂದ ಯಾರಿಗೂ ನೋವಿಲ್ಲ, ನಗಬಹುದು ಅಷ್ಟೆ.

ತೆಗೆದುಕೊಳ್ಳುವವರ ಮುಖದ ವಿಷಯ ಬೇರೆ. 2020ರ ಲಾಕ್‌ಡೌನ್‌ನಲ್ಲಿ ಐದು ಕಿಲೋ ಅಕ್ಕಿಯ ಚೀಲವನ್ನು ಹತ್ತು ಕೈಗಳು ಹಿಡಿದು, ಆ ಕೈಗಳ ನಡುವೆ ಒಬ್ಬ ಹೆಂಗಸು ಸೆರಗಿನಿಂದ ಮುಖ ಮರೆಮಾಡಿಕೊಳ್ಳಲು ನೋಡುತ್ತಿರುವ ಚಿತ್ರಗಳನ್ನು ಎಲ್ಲರೂ ಕಂಡಿದ್ದೇವೆ. ಆ ಚಿತ್ರ ಅವಳ ಮಗಳ ತರಗತಿಯವರ ಫೋನುಗಳಿಗೂ ಹೋಗಿರುತ್ತದೆ. ಆದ್ದರಿಂದ ನಮ್ಮ ನಿಧಿಯಲ್ಲಿ ವಿದ್ಯಾರ್ಥಿಗಳ ಚಿತ್ರವನ್ನೂ ಹೆಸರನ್ನೂ ಪ್ರಕಟಿಸುವುದಿಲ್ಲ, ಅವರನ್ನು ವೇದಿಕೆಗೆ ಕರೆದು ಚೆಕ್ ಕೊಡುವುದೂ ಇಲ್ಲ. ಇದರಿಂದ ಕೆಲವು ದಾನಿಗಳನ್ನು ನಾವು ಕಳೆದುಕೊಂಡಿದ್ದೇವೆ.

ನೇತ್ರದಾನ, ಅಂಗಾಂಗ ದಾನಕ್ಕೆ ಹೆಸರು ಬರೆಸಿದರೆ ಸಾಕೇ?

ಸಾಲದು. ಮನೆಯವರಿಗೆ ಹೇಳಿರಬೇಕು, ಏಕೆಂದರೆ ಕೊನೆಗೆ ಒಪ್ಪಿಗೆಯ ಸಹಿ ಹಾಕಬೇಕಾದವರು ಅವರೇ. ಕಣ್ಣನ್ನು ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಪಡೆಯಬೇಕು. ನೇತ್ರ ಬ್ಯಾಂಕಿನವರು ಮನೆಗೇ ಬರುತ್ತಾರೆ, ಅವರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು ಫ್ಯಾನ್ ಆರಿಸಿದರೆ ಸಾಕು. ಹೃದಯ, ಯಕೃತ್ತು, ಮೂತ್ರಪಿಂಡಗಳ ವಿಷಯ ಬಹುತೇಕ ಮಿದುಳು ನಿಷ್ಕ್ರಿಯಗೊಂಡ ರೋಗಿಗಳಿಗೆ ಸಂಬಂಧಿಸಿದ್ದು. ಅದನ್ನು ನಿಗದಿತ ವೈದ್ಯರ ತಂಡ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು, ಮತ್ತು ಕರ್ನಾಟಕದಲ್ಲಿ ಹಂಚಿಕೆಯನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ.

2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳ ದಾನವಾಯಿತು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳ ಪಾರದರ್ಶಕ ಪಟಲವನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ಜೋಡಿಸಲಾಯಿತು. ಆ ಬಳಿಕ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಹಾಗೆ ಬರೆಸಿದವರು ಈ ವಿಷಯವನ್ನು ಮನೆಯಲ್ಲಿ ಊಟದ ಹೊತ್ತಿನಲ್ಲಿ ಒಮ್ಮೆ ಮಾತಾಡಿಡಬೇಕು.

## ರಸೀದಿ, ಕಾನೂನು, ದತ್ತಿ

ರಸೀದಿ ಇದ್ದರೆ ತೆರಿಗೆ ಉಳಿಯುತ್ತದೆಯೇ?

ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಉಳಿಯುತ್ತದೆ, ಹೊಸ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಇಲ್ಲ. ಜನ 80ಜಿ ಎಂದು ಕರೆಯುವ ಈ ನಿಯಮದಡಿ ಹೆಚ್ಚಿನ ದತ್ತಿ ಸಂಸ್ಥೆಗಳಿಗೆ ಕೊಟ್ಟ ಹಣದ ಅರ್ಧದಷ್ಟನ್ನು, ಆದಾಯದ ಹತ್ತನೆಯ ಒಂದು ಭಾಗದ ಮಿತಿಗೆ ಒಳಪಟ್ಟು, ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಮುಖ್ಯಮಂತ್ರಿಗಳ ಪರಿಹಾರ ನಿಧಿಯಂಥವಕ್ಕೆ ಕೊಟ್ಟದ್ದು ಪೂರ್ತಿ ಸಲ್ಲುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಲೆಕ್ಕಕ್ಕಿಲ್ಲ; ಅಕ್ಕಿ, ಬಟ್ಟೆ, ಪುಸ್ತಕದ ರೂಪದಲ್ಲಿ ಕೊಟ್ಟದ್ದೂ ಲೆಕ್ಕಕ್ಕಿಲ್ಲ. ಸಾಮಾನ್ಯ ರಸೀದಿಯ ಜೊತೆಗೆ, ಸಂಸ್ಥೆ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಿಂದ ತೆಗೆದುಕೊಡುವ ದೇಣಿಗೆ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. 1961ರ ಕಾಯ್ದೆಯ ಬದಲಿಗೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಸೆಕ್ಷನ್‌ಗಳ ಸಂಖ್ಯೆ ಬೇರೆಯಾಗಿದೆ, ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ವಿಚಾರಿಸಿ.

ಮಗ ಅಮೆರಿಕದಲ್ಲಿದ್ದಾನೆ. ಊರಿನ ಟ್ರಸ್ಟ್ ಶಾಲೆಗೆ ಅಲ್ಲಿಂದಲೇ ಹಣ ಕಳಿಸಬಹುದೇ?

ಅವನ ಪಾಸ್‌ಪೋರ್ಟ್ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ಭಾರತದ ಪೌರತ್ವ ಉಳಿಸಿಕೊಂಡವನು ತನ್ನ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ಟ್ರಸ್ಟಿಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ಅಡಿ, ನೋಂದಣಿ ಇರಬೇಕು, ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿ ಇಲ್ಲದ ಟ್ರಸ್ಟ್ ಒಳ್ಳೆಯ ಉದ್ದೇಶದಿಂದಲೇ ಪಡೆದರೂ ಅಪರಾಧವಾಗುತ್ತದೆ, ಮತ್ತು ಸಿಕ್ಕಿಬೀಳುವವರು ಊರಿನ ಟ್ರಸ್ಟಿಗಳೇ ಹೊರತು ಮಗನಲ್ಲ.

ಅಪ್ಪನ ಹೆಸರಿನಲ್ಲಿ ದತ್ತಿ ಇಡಬೇಕೆಂದಿದ್ದೇವೆ. ಶಾಶ್ವತವಾಗಿ ನಡೆಯುತ್ತದೆಯೇ?

ಶಾಶ್ವತದ ಚಿಂತೆ ಹೊಸದೇನಲ್ಲ. ನಮ್ಮ ಊರೂರಿನ ದಾನಶಾಸನಗಳ ಕೊನೆಯಲ್ಲಿ, ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ಬರಲಿ ಎಂಬ ಶಾಪವಿರುತ್ತದೆ. ಚಂದ್ರಸೂರ್ಯರಿರುವವರೆಗೂ ನಡೆಯಲೆಂದು ಕೊಟ್ಟ ಭೂಮಿಗೂ ಶಾಪದ ಕಾವಲು ಬೇಕಾಗಿತ್ತು ಎಂದರೆ, ಆಗಿನವರಿಗೂ ಮುಂದಿನವರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲವೆಂದಾಯಿತು.

ಈಗ ದತ್ತಿಯನ್ನು ಅಳಿಸುವುದು ಹೆಚ್ಚಾಗಿ ಹಣದುಬ್ಬರ. ಐವತ್ತು ವರ್ಷದ ಹಿಂದೆ ಚಿನ್ನದ ಪದಕಕ್ಕೆಂದು ಇಟ್ಟ ಇಡುಗಂಟಿನ ಬಡ್ಡಿಗೆ ಇಂದು ಪದಕದ ಮೇಲಿನ ಲೇಪ ಬರುವುದೂ ಕಷ್ಟ. ಆದ್ದರಿಂದ ದತ್ತಿಪತ್ರ ಬರೆಯುವಾಗ ಮೂರು ವಿಷಯ ಸೇರಿಸಿ: ಬಡ್ಡಿಯ ಒಂದು ಪಾಲು ಪ್ರತಿ ವರ್ಷ ಅಸಲಿಗೆ ಸೇರಲಿ, ಉದ್ದೇಶ ವಿಶಾಲವಾಗಿರಲಿ, "ಬಡ ವಿದ್ಯಾರ್ಥಿಗೆ ಸೀಮೆಎಣ್ಣೆ ದೀಪ" ಎಂಬಂತೆ ಒಂದೇ ವಸ್ತುವಿಗೆ ಕಟ್ಟಿಹಾಕಬೇಡಿ, ಉದ್ದೇಶ ಹಳತಾದರೆ ಬದಲಿಸುವ ಅಧಿಕಾರ ಯಾರಿಗೆ ಎಂಬುದು ಸ್ಪಷ್ಟವಾಗಿರಲಿ. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಉಯಿಲಿನ ಮೂಲಕ ಶಿಕ್ಷಣಕ್ಕೆ ಬಿಟ್ಟುಹೋದರು. ಉದ್ದೇಶ ಅಷ್ಟು ವಿಶಾಲವಾಗಿದ್ದದ್ದರಿಂದಲೇ ಉತ್ತರ ಕರ್ನಾಟಕದ ಹಲವು ತಲೆಮಾರುಗಳ ವಿದ್ಯಾರ್ಥಿಗಳನ್ನು ಅದು ಮುಟ್ಟಿತು.

ಮೊತ್ತ ಚಿಕ್ಕದಾಗಿದ್ದರೆ ಶಾಶ್ವತದ ಆಸೆ ಬಿಟ್ಟು ಐದು ವರ್ಷದಲ್ಲಿ ಪೂರ್ತಿ ಖರ್ಚಾಗಲಿ ಎಂದು ಕೊಡುವುದೇ ಮೇಲೆಂಬುದು ನನ್ನ ಅಭಿಪ್ರಾಯ. ನಿಮ್ಮ ತಂದೆಯವರ ಹೆಸರಿನಲ್ಲಿ ಇಬ್ಬರು ಪದವಿ ಮುಗಿಸುತ್ತಾರೆ.

## ಒಮ್ಮತವಿಲ್ಲದ ಪ್ರಶ್ನೆಗಳು

ಮೊದಲು ನಮ್ಮ ಜನಾಂಗದವರಿಗೆ ಕೊಡೋಣ ಅನ್ನಿಸುತ್ತದೆ. ತಪ್ಪೇ?

ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ಕಡಿಮೆ, ಹಾಗೆ ನಡೆದುಕೊಳ್ಳುವವರು ಹೆಚ್ಚು. ಚರಿತ್ರೆ ನೋಡಿದರೆ ಕರ್ನಾಟಕದ ವಿದ್ಯಾರ್ಥಿನಿಲಯಗಳಲ್ಲಿ ಬಹಳಷ್ಟನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದೊಂದು ಸಮುದಾಯದವರು ತಮ್ಮ ತಮ್ಮ ಮಕ್ಕಳಿಗಾಗಿ ಕಟ್ಟಿದರು, ಮತ್ತು ಮೊದಲ ತಲೆಮಾರಿನ ಎಷ್ಟೋ ಪದವೀಧರರು ಬಂದದ್ದು ಅಲ್ಲಿಂದಲೇ. ವಾರಾನ್ನವೂ ಬಹುಮಟ್ಟಿಗೆ ಜಾತಿಯ ಒಳಗೇ ನಡೆಯಿತು. ದಲಿತರ ಹುಡುಗನಿಗೆ ಏಳು ಮನೆ ಹಾಗಿರಲಿ, ಒಂದು ಮನೆಯೂ ಸಿಗುತ್ತಿರಲಿಲ್ಲ. ಹತ್ತಿರದವರ ಕಷ್ಟ ಮೊದಲು ಕಾಣುವುದು ಸಹಜವೇ ಆದರೂ, ಎಲ್ಲರೂ ಹತ್ತಿರದವರಿಗೇ ಕೊಟ್ಟರೆ ಉಳ್ಳವರು ಯಾರೂ ಹತ್ತಿರದಲ್ಲಿ ಇಲ್ಲದವರ ಪಾಲಿಗೆ ಏನೂ ಬರುವುದಿಲ್ಲ.

ಈ ಗೆರೆಯನ್ನು ದಾಟಿದವರು ಬೆಲೆ ತೆತ್ತಿದ್ದಾರೆ. ಮಂಗಳೂರಿನ ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣ ವಕೀಲರು. ದಲಿತರ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಅದಕ್ಕೊಂದು ಸಂಸ್ಥೆ ಕಟ್ಟಿ, ಸ್ವಂತ ಜನರ ಬಹಿಷ್ಕಾರ ಉಂಡರು. ಸತ್ತಾಗ ತಮ್ಮ ದೇಹವನ್ನು ಪೌರಕಾರ್ಮಿಕರೇ ಹೊರಬೇಕೆಂದು ಅವರು ಕೇಳಿಕೊಂಡಿದ್ದರು, 1928ರಲ್ಲಿ ಹಾಗೆಯೇ ಆಯಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು, 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೂ, ಎಲ್ಲ ಜಾತಿ ಧರ್ಮಗಳ ಸಾವಿರಾರು ಮಕ್ಕಳಿಗೆ ಒಂದೇ ಪಂಕ್ತಿಯಲ್ಲಿ ಅನ್ನ ಹಾಕಿಸಿದರು.

ಕಾನೂನಿಗೂ ಒಂದು ಅಭಿಪ್ರಾಯವಿದೆ. ಒಂದೇ ಧರ್ಮ ಅಥವಾ ಜಾತಿಯವರಿಗೆಂದು ಸ್ಥಾಪಿಸಿದ ಸಂಸ್ಥೆಗೆ ಕೊಟ್ಟ ದೇಣಿಗೆಗೆ 80ಜಿ ವಿನಾಯಿತಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಸಂಸ್ಥೆಗಳಿಗೆ ಈ ನಿರ್ಬಂಧವಿಲ್ಲ. ನಮ್ಮ ನಿಧಿಯ ಅರ್ಜಿಯಲ್ಲಿ ಜಾತಿಯ ಕಾಲಂ ಇರಲಿಲ್ಲ. ಅದು ಇಲ್ಲದ್ದರಿಂದಲೇ ಯಾರು ನಮ್ಮ ಬಾಗಿಲವರೆಗೂ ಬರುತ್ತಿಲ್ಲವೆಂಬುದು ನಮಗೆ ಕಾಣುತ್ತಿಲ್ಲ ಎಂದು ಒಬ್ಬ ಸದಸ್ಯೆ ಹೇಳಿದ ಮೇಲೆ ಆ ಚರ್ಚೆ ಇನ್ನೂ ಮುಗಿದಿಲ್ಲ.

ಸರ್ಕಾರ ಮಾಡಬೇಕಾದ ಕೆಲಸವನ್ನು ದಾನಿಗಳು ಏಕೆ ಮಾಡಬೇಕು?

ಮಾಡಬಾರದೆಂಬ ವಾದದಲ್ಲಿ ತಿರುಳಿದೆ: ದಾನ ನಿಲ್ಲಬಹುದು, ಹಕ್ಕು ನಿಲ್ಲಬಾರದು. ಆದರೂ ಎರಡೂ ಜೊತೆಗೂಡಿದ ಉದಾಹರಣೆ ನಮ್ಮಲ್ಲೇ ಇದೆ. ಶಾಲೆಯ ಬಿಸಿಯೂಟದಲ್ಲಿ ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಉಳಿದ ನಾಲ್ಕು ದಿನದ ಖರ್ಚಿಗಾಗಿ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಒದಗಿಸಲು ಒಪ್ಪಂದ ಮಾಡಿಕೊಂಡಿತು. ಅಡುಗೆಮನೆ, ಅಡುಗೆಯವರು, ಹಾಜರಾತಿ ಎಲ್ಲವೂ ಸರ್ಕಾರದ್ದೇ. ಬೇರೊಂದು ವ್ಯವಸ್ಥೆ ಕಟ್ಟದೆ ಇರುವ ವ್ಯವಸ್ಥೆಯೊಳಗೇ ಕೊಟ್ಟದ್ದರಿಂದ ಅದು ಹಳ್ಳಿಯ ಕೊನೆಯ ಶಾಲೆಗೂ ತಲುಪಿತು. ಮೂರು ವರ್ಷ ಕಳೆದ ಮೇಲೆ ಏನೆಂಬ ಪ್ರಶ್ನೆಯನ್ನು ಕೇಳುತ್ತಿರಬೇಕಾದವರು ಪೋಷಕರು, ಅದರಲ್ಲೂ ಶಾಲಾಭಿವೃದ್ಧಿ ಸಮಿತಿಯವರು.

ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಖರ್ಚು, ಇದರಿಂದ ಬೇರೆ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಗಾತ್ರದ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ನ್ನು ಖರ್ಚು ಮಾಡಲೇಬೇಕು. ಅದು ಕಾನೂನಿನ ಪಾಲನೆ. ಒಳ್ಳೆಯ ಕೆಲಸ ಆಗುತ್ತದೆ, ಸಂತೋಷ.

ಸಹಾಯ ಪಡೆದವರು ಆಮೇಲೆ ತಿರುಗಿಯೂ ನೋಡುವುದಿಲ್ಲ. ಬೇಸರವಾಗುವುದಿಲ್ಲವೇ?

ಆಗುತ್ತದೆ. ಆದರೆ ಹಳ್ಳಿಯಲ್ಲಿ ಮುಯ್ಯಿಯಾಳಾಗಿ ಬಂದವರಿಗೆ ತಿರುಗಿ ಹೋಗಿ ದುಡಿದು ತೀರಿಸುವ ಅವಕಾಶವಿರುತ್ತದೆ. ನೆರವು ಪಡೆದ ವಿದ್ಯಾರ್ಥಿಗೆ ಆ ಅವಕಾಶವನ್ನು ನಾವು ಕೊಟ್ಟಿರುವುದಿಲ್ಲ. ತೀರಿಸಲಾಗದ ಋಣ ಇರುವವರ ಎದುರಿಗೆ ಬರಲು ಯಾರಿಗೂ ಮುಜುಗರವೇ. ಮಾತಾಡದೆ ದೂರ ಉಳಿದ ಒಬ್ಬ ಹಳೆಯ ವಿದ್ಯಾರ್ಥಿಗೆ, ಹೊಸಬರಿಗೆ ಗಣಿತ ಹೇಳಿಕೊಡುತ್ತೀಯಾ ಎಂದು ಕೇಳಿದಾಗ ಅವನು ಮರುದಿನವೇ ಬಂದ. ಆಮೇಲೆ ನಾವು ಇದನ್ನೇ ರೂಢಿ ಮಾಡಿಕೊಂಡೆವು.

ಅನ್ಯಾಯದ ದುಡ್ಡು ಎಂದು ಗೊತ್ತಿರುವವರಿಂದ ದೇಣಿಗೆ ತೆಗೆದುಕೊಳ್ಳಬಹುದೇ?

ನಮ್ಮ ಸಭೆಗಳಲ್ಲಿ ಅತಿ ಹೆಚ್ಚು ದನಿ ಏರುವುದು ಈ ಪ್ರಶ್ನೆಗೆ. ಹಣಕ್ಕೆ ಮೈಲಿಗೆಯಿಲ್ಲ, ಹೆಂಡದ ಗುತ್ತಿಗೆದಾರನ ಹಣದಿಂದಲೂ ಮಗು ಓದುತ್ತದೆ ಎನ್ನುವವರು ಕೆಲವರು. ಆ ಮಗುವಿನ ಅಪ್ಪನೇ ಅಲ್ಲಿ ಕುಡಿದು ಹಾಳಾಗಿದ್ದರೆ ಎಂದು ಕೇಳುವವರು ಕೆಲವರು. ನಾನು ಎರಡನೆಯವರ ಕಡೆ ಸ್ವಲ್ಪ ವಾಲುತ್ತೇನೆ, ಆದರೆ ಗಳಿಕೆಯ ಮೂಲವನ್ನೆಲ್ಲ ತೂಗುತ್ತ ಕೂತರೆ ಯಾರ ಚೆಕ್ಕೂ ಬ್ಯಾಂಕಿಗೆ ಹೋಗಲಾರದು ಎಂಬುದನ್ನೂ ಬಲ್ಲೆ.

ಸದ್ಯಕ್ಕೆ ನಾವು ಒಪ್ಪಿಕೊಂಡಿರುವ ನಿಯಮಗಳು ಹೀಗಿವೆ. ಹೆಸರು, ವಿಳಾಸ, ಪಾನ್ ಸಂಖ್ಯೆ ಕೊಡದವರ ಹಣ ಬೇಡ; ಅನಾಮಧೇಯ ದೇಣಿಗೆ ನಿಗದಿತ ಮಿತಿ ಮೀರಿದರೆ ಟ್ರಸ್ಟ್ ಅದರ ಮೇಲೆ ಶೇಕಡಾ 30 ತೆರಿಗೆ ಕಟ್ಟಬೇಕಾಗುತ್ತದೆ, ಅದೂ ಒಂದು ಕಾರಣ. ತಮ್ಮಲ್ಲಿ ದುಡಿದವರಿಗೆ ಕೂಲಿ ಬಾಕಿ ಉಳಿಸಿಕೊಂಡವರು ಬಂದರೆ ಮೊದಲು ಬಾಕಿ ತೀರಿಸಿ ಬನ್ನಿ ಎನ್ನುತ್ತೇವೆ. ಯಾವ ವಿದ್ಯಾರ್ಥಿಗೆ ಹೋಗಬೇಕೆಂದು ದಾನಿ ಹೆಸರಿಸುವಂತಿಲ್ಲ, ಮತ್ತು ತಮ್ಮ ಸಮಾರಂಭಗಳಿಗೆ ಮಕ್ಕಳನ್ನು ಕರೆಸುವಂತಿಲ್ಲ. ಕೊನೆಯ ನಿಯಮವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಸಡಿಲಿಸಬೇಕೆಂದು ಇಬ್ಬರು ಸದಸ್ಯರು ಸೂಚನೆ ಕೊಟ್ಟಿದ್ದಾರೆ, ನಾನು ವಿರೋಧಿಸಲಿದ್ದೇನೆ.